ಬೇಲಿಯಂಚಿನ ಮೌನ

ಅಗಲಿಕೆಯ ನೋವು ಮಾತು ಬಲ್ಲ ಮನುಷ್ಯನೊಬ್ಬನದೇ ಎಂದು ನಾವು ಭಾವಿಸುತ್ತೇವೆ. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ನಡೆದ ಘಟನೆಯೊಂದು ಈ ಭಾವನೆಯನ್ನು ಅಲುಗಿಸುತ್ತದೆ.

ಅಮೆರಿಕದ ಪಶುವೈದ್ಯೆ ಶೆರಿ ಸ್ಪೀಡ್ ಅವರು 1999ರಲ್ಲಿ ಅಲ್ಲಿ ಸನಾಗಾ-ಯಾಂಗ್ ಎಂಬ ಚಿಂಪಾಂಜಿಗಳ ಆಶ್ರಯಧಾಮವನ್ನು ಸ್ಥಾಪಿಸಿದರು. ಮರುವರ್ಷ ಡೊರೊಥಿ ಎಂಬ ಹೆಣ್ಣು ಚಿಂಪಾಂಜಿ ಅಲ್ಲಿಗೆ ಬಂದಿತು. ಎಳವೆಯಲ್ಲಿಯೇ ಅದರ ತಾಯಿ ಬೇಟೆಗಾರನಿಗೆ ಬಲಿಯಾಗಿತ್ತು. ಮನರಂಜನೆಯ ಉದ್ಯಾನವೊಂದರಲ್ಲಿ ಕೊರಳ ಸರಪಳಿಯೊಡನೆ ಅದು 25 ವರ್ಷ ಕಳೆದಿತ್ತು. ಬಿಯರ್ ಕುಡಿಯುವುದನ್ನೂ ಸಿಗರೇಟು ಸೇದುವುದನ್ನೂ ಕಲಿಸಿ ಜನರು ನಕ್ಕಿದ್ದರು.

ಇಷ್ಟು ನೊಂದರೂ ಆ ಜೀವದ ಮಮತೆ ಬತ್ತಿರಲಿಲ್ಲ. ಬೂಬೂಲ್ ಎಂಬ ಅನಾಥ ಮರಿಗೆ ಅದು ತಾಯಿಯಾಯಿತು. ತನ್ನಂತೆಯೇ ಸೆರೆಯುಂಡ ನಾಮಾ ಎಂಬ ಚಿಂಪಾಂಜಿಗೆ ಗೆಳತಿಯಾಯಿತು.

2008ರ ಸೆಪ್ಟೆಂಬರಿನಲ್ಲಿ ಡೊರೊಥಿ ಹೃದಯರೋಗದಿಂದ ಅಸುನೀಗಿತು. ಮಣ್ಣು ಮಾಡಲು ದೇಹವನ್ನು ತಂದಾಗ ಒಡನಾಡಿಗಳು ತಂತಿಬೇಲಿಯ ಬಳಿ ಸಾಲುಗೂಡಿ, ಒಂದರ ಹೆಗಲ ಮೇಲೊಂದು ಕೈಯಿರಿಸಿ ನೋಡುತ್ತ ನಿಂತವು. ಸದಾ ಗದ್ದಲವೆಬ್ಬಿಸುವ ಬಳಗ ಅಂದು ಮೂಕವಾಗಿತ್ತು. 2009ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯಲ್ಲಿ ಪ್ರಕಟವಾದ ಆ ಚಿತ್ರವನ್ನು ಜಗತ್ತು ಕಂಡಿತು.

ಅವುಗಳ ಅಂತರಂಗವನ್ನು ಅಳೆಯಲು ನಾವು ಸಮರ್ಥರಲ್ಲ. ಆದರೆ ಮಕ್ಕಳನ್ನು ಸೆರೆಪ್ರಾಣಿಗಳ ಆಟಕ್ಕೆ ಕರೆದೊಯ್ಯುವ ಮುನ್ನ ಇಷ್ಟನ್ನು ನೆನೆಯೋಣ: ನಾವು ತೆರುವ ಕಾಸೂ ಆ ಸರಪಳಿಯ ಒಂದು ಕೊಂಡಿ.