ಸಿಡಿಲಿನ ಸಿಳ್ಳು

ವೈಶಾಖದ ಸಂಜೆ ನಂದಿಬೆಟ್ಟದ ಕಡೆಯಿಂದ ಮೋಡವೇಳುತ್ತಲೆ ಮೇಲೂರಿನ ನಮ್ಮ ಮನೆಯ ಹಳೆಯ ರೇಡಿಯೋ ಪಟಪಟನೆ ಸಿಡಿಯುವುದು. ಮಿಂಚು ಬೆಳಕಿನೊಡನೆ ನಿಸ್ತಂತು ತರಂಗಗಳನ್ನೂ ಚೆಲ್ಲುವುದೇ ಇದಕ್ಕೆ ಕಾರಣ. ಇಂತಹ ಒಂದು ಸಂಜೆ ಮೊಮ್ಮಗನು, “ತಾತ, ಸಿಡಿಲು ಸಿಳ್ಳು ಹಾಕುವುದಂತೆ, ನಮ್ಮೂರಿನಲ್ಲಿಯೂ ಕೇಳಿಸುವುದೆ?” ಎಂದು ಕೇಳಿದನು. ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರದಲ್ಲಿ ಓದಿದ್ದ ನನಗೆ ಹೌದೆನ್ನಲು ಬಹಳ ಆಸೆಯಾಯಿತು. ಆದರೆ ತಿಳಿಯದೆ ಹೇಳಬಾರದೆಂದು ಎರಡು ದಿನದ ಗಡುವು ಬೇಡಿದೆನು.

ಸಿಳ್ಳೇನೋ ನಿಜವೆ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತಿಗೆ ಕಿವಿಗೊಟ್ಟಿದ್ದ ಜರ್ಮನಿಯ ಬಾರ್ಕ್‌ಹೌಸೆನ್ ಎಂಬ ವಿದ್ವಾಂಸನಿಗೆ ತಾರದಿಂದ ಮಂದ್ರಕ್ಕಿಳಿಯುವ ಸಿಳ್ಳು ಕೇಳಿಸಿತು. ಅದನ್ನು ಆತನು 1919ರಲ್ಲಿ ಪ್ರಕಟಿಸಿದನು. ಅದರ ದಾರಿಯನ್ನು 1953ರಲ್ಲಿ ವಿವರಿಸಿದವನು ಕೇಂಬ್ರಿಜ್ಜಿನ ಸ್ಟೋರಿ. ಸೆಕೆಂಡಿಗೆ ಕೆಲವು ಸಾವಿರ ಸಲ ಕಂಪಿಸುವ ಮಿಂಚಿನ ತರಂಗಗಳಲ್ಲಿ ಕೆಲವು ವಾಯುಮಂಡಲದ ಮೇಲಿನ ವಿದ್ಯುತ್ಕಣಗಳ ಪದರವನ್ನು ದಾಟಿ, ಭೂಮಿಯ ಕಾಂತರೇಖೆಯನ್ನೇ ಹಿಡಿದು, ಸಾವಿರಾರು ಕಿಲೋಮೀಟರು ಮೇಲೇರಿ ಬಳಸಿ, ಇನ್ನೊಂದು ಗೋಲಾರ್ಧದಲ್ಲಿ ಇಳಿಯುವುವು. ದಾರಿಯಲ್ಲಿ ಮೇಲ್ಸ್ವರವು ಬೇಗನೆಯೂ ಕೆಳಸ್ವರವು ತಡೆದೂ ಸಾಗುವುದರಿಂದ, ಒಟ್ಟಿಗೆ ಹೊರಟ ಒಂದು ಚಟಾಕಿಯ ಸದ್ದು ಒಂದೆರಡು ಸೆಕೆಂಡಿನ ಸಿಳ್ಳಾಗುವುದು. ತರಂಗವು ಸ್ವತಃ ಶಬ್ದವಲ್ಲ. ಯಂತ್ರವು ಅದನ್ನು ಶಬ್ದವಾಗಿಸುವುದು. ಅಷ್ಟರಮಟ್ಟಿಗೆ ನನ್ನ ತರ್ಕ ಸೋತಿತು. ಬರಿದೆಂದು ನಾನು ಮಕ್ಕಳಿಗೆ ಪಾಠ ಹೇಳಿದ್ದ ಎತ್ತರದಲ್ಲಿಯೂ ಎಲೆಕ್ಟ್ರಾನುಗಳಿರುವುವೆಂದು ಈ ಸಿಳ್ಳೇ ತಿಳಿಸಿಕೊಟ್ಟಿತು.

ಗುಲ್ಮಾರ್ಗ್, ನೈನಿತಾಲ್, ವಾರಾಣಸಿಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಮೇಲೂರಿನ ಮಾತು ಬೇರೆ. ಕಾಂತ ವಿಷುವದ್ರೇಖೆಯು ಭಾರತದ ದಕ್ಷಿಣ ತುದಿಯ ಬಳಿ ಹಾಯುವುದರಿಂದ ನಮ್ಮ ಸೀಮೆಯ ಕಾಂತರೇಖೆಗಳು ನೆಲಕ್ಕೆ ಬಹುಮಟ್ಟಿಗೆ ಸಮಾಂತರ. ಅವು ತಗ್ಗಾದ ಕಮಾನಿನಂತೆ ಬಾಗಿ ಇಳಿದುಬಿಡುವುವು. ಏರುವ ಏಣಿಯೇ ಇಲ್ಲದಲ್ಲಿ ಸಿಳ್ಳನ್ನು ನಿರೀಕ್ಷಿಸಲಾಗದು. ಗೌರಿಬಿದನೂರಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವೂ ಇದಕ್ಕೆ ಉಪಯೋಗವಿಲ್ಲ: ಅದು ಆಲಿಸಿದ್ದು ಸೆಕೆಂಡಿಗೆ 3.45 ಕೋಟಿ ಸಲ ಕಂಪಿಸುವ, ಒಂಬತ್ತು ಮೀಟರಿಗೂ ಕಿರಿದಾದ ಅಲೆಗಳನ್ನು. ಇವಾದರೋ ಹತ್ತಾರು ಕಿಲೋಮೀಟರುದ್ದದವು.

ಇಲ್ಲವೆಂದಾಗ ಹುಡುಗನ ಮುಖ ಬಾಡಿತು. ಆಗ ಇನ್ನೊಂದನ್ನು ಹೇಳಿದೆನು. ರಾತ್ರಿಯ ಹೊತ್ತು ನೆಲಕ್ಕೂ ಸುಮಾರು 90 ಕಿಲೋಮೀಟರು ಮೇಲಿನ ಪದರಕ್ಕೂ ನಡುವೆ ಪುಟಿಯುತ್ತ ದೂರದಿಂದ ಬರುವ ಸಿಡಿಲಿನ ತರಂಗಗಳು ಹಕ್ಕಿಯ ಚಿಲಿಪಿಯಂತೆ ಕೇಳಿಸುವುವು. ಸೆಕೆಂಡಿಗೆ ಸುಮಾರು 1,700 ಕಂಪನಗಳ ಬಳಿಯ ಸ್ವರವು ಕೊನೆಗೆ ಬಂದು ಬಾಲದಂತೆ ಎಳೆಯುವುದು. ಇದಕ್ಕೆ ಕಾಂತರೇಖೆಯ ಹಂಗಿಲ್ಲ. ವಿದ್ಯುತ್ ತಂತಿಗಳಿಂದ ದೂರವಾದ ಜಾಗ, ಉದ್ದನೆಯ ತಂತಿ, ಧ್ವನಿವರ್ಧಕ, ಇಷ್ಟು ಬೇಕು.

ಮೊಮ್ಮಗನು ಈಗ ಹಿಪ್ಪುನೇರಳೆ ತೋಟದ ಆಚೆ ಬದುವಿನಲ್ಲಿ ಗಳು ನೆಡುತ್ತಿರುವನು. ಬ್ಯಾಟರಿ ತರಲು ನನ್ನನ್ನು ಶಿಡ್ಲಘಟ್ಟಕ್ಕೆ ಕಳುಹಿಸಿದ್ದಾಯಿತು.