ಇನ್ನೂರು ಕಿಲೋ ಕಾರು, ಟ್ಯಾಂಕಿನ ತುಂಬ ಮೆಥನಾಲ್

ಎರಡನೇ ಮಹಾಯುದ್ಧ ಮುಗಿದ ಮೇಲೂ ಇಂಗ್ಲೆಂಡಿನಲ್ಲಿ ಪೆಟ್ರೋಲ್ ಪಡಿತರ ನಿಂತಿರಲಿಲ್ಲ. ಕೈಗೆ ಸಿಗುತ್ತಿದ್ದದ್ದೂ ‘ಪೂಲ್’ ಎಂಬ ಹೆಸರಿನ, ಆಕ್ಟೇನ್ ಕಡಿಮೆಯ ಪೆಟ್ರೋಲ್. ಅಂಥ ಕಾಲದಲ್ಲಿ, 1946ರಲ್ಲಿ, ಬ್ರಿಸ್ಟಲ್ ನಗರದ ಕಾರುಪ್ರೇಮಿಗಳ ಒಂದು ಗುಂಪು ಸಂಬಳದಲ್ಲಿ ಬದುಕುವವರೂ ಇಳಿಯಬಹುದಾದ ರೇಸನ್ನು ಕಟ್ಟಲು ಹೊರಟಿತು. ಅವರಲ್ಲಿ ಕೆಲವರು ಅಲ್ಲಿನ ವಿಮಾನ ಕಾರ್ಖಾನೆಯ ನೌಕರರು. ಎಂಜಿನ್ 500 ಸಿಸಿ ದಾಟಬಾರದು, ಸೂಪರ್‌ಚಾರ್ಜರ್ ಕೂಡದು ಎಂಬುದು ಅವರ ನಿಯಮದ ತಿರುಳು. ಅಂದರೆ ಒಂದು ಮೋಟಾರ್ ಸೈಕಲ್ ಎಂಜಿನ್ ಸಾಕು.

ಅದೇ ವರ್ಷ ಲಂಡನ್ ಹತ್ತಿರದ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್ ಅವರ ಗ್ಯಾರೇಜಿನಲ್ಲಿ ಮಗ ಜಾನ್ ಕೂಪರ್ ಮತ್ತು ಗೆಳೆಯ ಎರಿಕ್ ಬ್ರ್ಯಾಂಡನ್ ಕೆಲಸಕ್ಕೆ ಕೈಹಾಕಿದರು. ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಕತ್ತರಿಸಿ, ಬೆನ್ನಿಗೆ ಬೆನ್ನು ಕೊಟ್ಟು ವೆಲ್ಡ್ ಮಾಡಿದರು. ಮಣ್ಣಿನ ಟ್ರ್ಯಾಕಿನ ಸ್ಪೀಡ್‌ವೇ ಬೈಕುಗಳಲ್ಲಿ ಬಳಸುತ್ತಿದ್ದ ಜೆಎಪಿ ಸಿಂಗಲ್ ಸಿಲಿಂಡರ್ ಎಂಜಿನ್ ಕೂರಿಸಿದರು. ಬೈಕ್ ಎಂಜಿನ್ನಿನ ಶಕ್ತಿ ಚೈನ್ ಮೂಲಕ ಹಿಂದಿನ ಚಕ್ರಕ್ಕೆ ಹೋಗಬೇಕು. ಚೈನ್ ಗಿಡ್ಡವಾಗಿರಬೇಕೆಂದರೆ ಎಂಜಿನ್ ಚಾಲಕನ ಬೆನ್ನ ಹಿಂದೆಯೇ ಇರಬೇಕು. ದೊಡ್ಡ ಸಿದ್ಧಾಂತವೇನೂ ಇರಲಿಲ್ಲ, ಅನುಕೂಲ ಅಷ್ಟೇ. ಹದಿಮೂರು ವರ್ಷಗಳ ನಂತರ, 1959ರಲ್ಲಿ, ಜ್ಯಾಕ್ ಬ್ರ್ಯಾಬಮ್ ಹಿಂದೆ ಎಂಜಿನ್ ಇದ್ದ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು. ಇಂದಿನ ಫಾರ್ಮುಲಾ ಒನ್ ಕಾರಿನ ಅಂಗರಚನೆಯ ಒಂದು ಬೇರು ಸರ್ಬಿಟನ್ನಿನ ಆ ಗ್ಯಾರೇಜಿನಲ್ಲಿದೆ.

ಇನ್ನು ಇಂಧನ. ಜೆಎಪಿ ಸ್ಪೀಡ್‌ವೇ ಎಂಜಿನ್ ಕುಡಿಯುತ್ತಿದ್ದದ್ದು ಮೆಥನಾಲ್. ಇದರ ಗುಣ ವಿಚಿತ್ರ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್ ಶಕ್ತಿ ಇದ್ದರೆ ಮೆಥನಾಲಿನಲ್ಲಿ ಬರೀ 20. ಹಾಗಿದ್ದೂ ರೇಸಿನವರಿಗೆ ಅದರ ಮೇಲೆ ಮೋಹ, ಏಕೆಂದರೆ ಎಂಜಿನ್ನಿಗೆ ಮಿತಿ ಹಾಕುವುದು ಇಂಧನವಲ್ಲ, ಗಾಳಿ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ 6.4 ಕಿಲೋ ಸಾಕು. ಹಾಗಾಗಿ ಸಿಲಿಂಡರ್ ಎಳೆದುಕೊಂಡ ಅಷ್ಟೇ ಗಾಳಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಮೆಥನಾಲ್ ಉರಿಸಬಹುದು. ಮೇಲಾಗಿ ಅದು ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹೂಜಿಯ ನೀರು ತಣ್ಣಗಾಗುವ ಹಾಗೆ ಎಂಜಿನ್ ಒಳಗಿನಿಂದಲೇ ತಂಪಾಗುತ್ತದೆ. ಈ ತಂಪಿನ ಬಲದಿಂದ, ಪೂಲ್ ಪೆಟ್ರೋಲಿನಲ್ಲಿ ಕನಸಲ್ಲೂ ಕಾಣಲಾಗದ 14ಕ್ಕೆ 1ರಷ್ಟು ಕಂಪ್ರೆಶನ್ ಅನುಪಾತವನ್ನು ಜೆಎಪಿ ತಾಳಿಕೊಳ್ಳುತ್ತಿತ್ತು. ಟ್ಯಾಂಕ್ ಬೇಗ ಖಾಲಿಯಾಗುತ್ತಿತ್ತು ನಿಜ. ಆದರೆ ರೇಸುಗಳೂ ಚಿಕ್ಕವೇ ಇದ್ದವು.

ಎಂಜಿನ್ನಿಗೆ ಹಾಕುತ್ತಿದ್ದ ಆಯಿಲ್? ಹರಳೆಣ್ಣೆಯಿಂದ ಮಾಡಿದ್ದು. ಅದು ಸುಟ್ಟ ಘಾಟು ಆ ಕಾಲದ ರೇಸ್ ನೋಡಿದವರ ನೆನಪಿನಲ್ಲಿ ಉಳಿದುಬಿಟ್ಟಿತು.

1950ರಲ್ಲಿ ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟ ಎಫ್‌ಐಎ ಈ ಪುಟ್ಟ ಕಾರುಗಳಿಗೆ ಫಾರ್ಮುಲಾ 3 ಎಂದು ಹೆಸರಿಟ್ಟು ಮಾನ್ಯತೆ ಕೊಟ್ಟಿತು. ಕನಿಷ್ಠ ತೂಕ 200 ಕಿಲೋ. 2025ರ ಫಾರ್ಮುಲಾ ಒನ್ ಕಾರಿನ ಕನಿಷ್ಠ ತೂಕ ಚಾಲಕನೂ ಸೇರಿ 800 ಕಿಲೋ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಆ ಕಾರುಗಳು ಎಷ್ಟು ಚಿಕ್ಕವೆಂದು ತಿಳಿಯುತ್ತದೆ.

ಗರಿಷ್ಠ ತೂಕ ಗೊತ್ತುಮಾಡುವುದು ಲಾರಿಗೆ. ರೇಸ್ ಕಾರಿಗೆ ಕನಿಷ್ಠ ತೂಕವೇಕೆ? ಮೇಲಿನ ಮಿತಿ ರೇಸಿನಲ್ಲಿ ಬೇಕಾಗುವುದೇ ಇಲ್ಲ, ಭಾರವಾದ ಕಾರು ತಾನಾಗಿಯೇ ಹಿಂದೆ ಬೀಳುತ್ತದೆ. ಕೆಳಗಿನ ಮಿತಿ ಇಲ್ಲದಿದ್ದರೆ ಮಾತ್ರ ಅಪಾಯ. ಚಾಸಿಯ ಕೊಳವೆ ತೆಳುವಾಗುತ್ತದೆ, ಬೋಲ್ಟುಗಳಿಗೆ ತೂತು ಕೊರೆಯುತ್ತಾರೆ, ಉಕ್ಕಿನ ಜಾಗಕ್ಕೆ ಮೆಗ್ನೀಸಿಯಂ ಬರುತ್ತದೆ. ಒಂದೊಂದು ಕಿಲೋ ಇಳಿಸಲೂ ಹಣ ಬೇಕು, ಇಳಿಸಿದಷ್ಟೂ ಚಾಲಕನ ಜೀವಕ್ಕೆ ಕಾವಲು ಕಡಿಮೆ. ಕನಿಷ್ಠ ತೂಕವೆಂಬ ಒಂದೇ ಸಂಖ್ಯೆ ಹಣವಿಲ್ಲದವನನ್ನೂ ಕಾಯುತ್ತದೆ, ಹುಂಬನನ್ನೂ ಕಾಯುತ್ತದೆ.

ಆದರೆ ಆ 200 ಕಿಲೋದಲ್ಲಿ ಚಾಲಕ ಸೇರಿರಲಿಲ್ಲ. ಅರವತ್ತು ಕಿಲೋದವನಿಗೂ ತೊಂಬತ್ತು ಕಿಲೋದವನಿಗೂ ನಡುವಿನ ಅಂತರ ಇಷ್ಟು ಚಿಕ್ಕ ಕಾರಿನಲ್ಲಿ ಕಾರಿನ ತೂಕದ ಶೇಕಡ 15ರಷ್ಟಾಗುತ್ತದೆ. 1952 ಮತ್ತು 1953ರಲ್ಲಿ ಬ್ರಿಟನ್ನಿನ ಚಾಂಪಿಯನ್ ಆದ ಡಾನ್ ಪಾರ್ಕರ್ ಸಣ್ಣ ಮೈಕಟ್ಟಿನವರು. ಅವರ ಚಾಕಚಕ್ಯತೆಯನ್ನು ಇದರಿಂದ ಕಡಿಮೆ ಮಾಡಿ ಹೇಳಬೇಕಿಲ್ಲ, ಆದರೂ ನಿಯಮ ಅವರ ಪರವಾಗಿತ್ತು. ಫಾರ್ಮುಲಾ ಒನ್ ಕೂಡ ಚಾಲಕನನ್ನು ಕಾರಿನ ಜೊತೆ ಸೇರಿಸಿ ತೂಗಲು ಶುರುಮಾಡಿದ್ದು 1995ರಲ್ಲಿ.

ಅಗ್ಗದ ರೇಸು ಬಹುಕಾಲ ಅಗ್ಗವಾಗಿ ಉಳಿಯಲಿಲ್ಲ. ಮ್ಯಾಂಕ್ಸ್ ನಾರ್ಟನ್ ಬೈಕಿನ ಎಂಜಿನ್ ಜೆಎಪಿಗಿಂತ ಚುರುಕು ಎಂದು ಗೊತ್ತಾಯಿತು. ನಾರ್ಟನ್ ಕಂಪನಿ ಎಂಜಿನ್ನನ್ನು ಬಿಡಿಯಾಗಿ ಮಾರುತ್ತಿರಲಿಲ್ಲ. ಗೆಲ್ಲಬೇಕಾದವರು ಇಡೀ ಬೈಕನ್ನೇ ಕೊಂಡು ಎಂಜಿನ್ ಕಿತ್ತುಕೊಂಡರು. ಉಳಿದ ಫ್ರೇಮುಗಳಿಗೆ ಟ್ರಯಂಫ್ ಎಂಜಿನ್ ಹಾಕಿದವರಿಂದ ‘ಟ್ರೈಟನ್’ ಎಂಬ ಬೈಕು ಜನಪ್ರಿಯವಾಯಿತು. ಬೈಕು ಪ್ರಿಯರಿಗೆ ಲಾಭ. ಬಡ ರೇಸುಗಾರ ಮಾತ್ರ ಹೊರಗುಳಿದ.

ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಇಟಲಿಯಿಂದ. ಕೌಂಟ್ ಜೊವಾನ್ನಿ ಲುರಾನಿ ರೂಪಿಸಿದ ಫಾರ್ಮುಲಾ ಜೂನಿಯರ್ 1958ರಲ್ಲಿ ಅಲ್ಲಿ ಆರಂಭವಾಗಿ, ಮರುವರ್ಷ ಅಂತರರಾಷ್ಟ್ರೀಯ ವರ್ಗವಾಯಿತು. ಎಂಜಿನ್ ರಸ್ತೆಯ ಮೇಲೆ ಓಡುವ ಸಾಮಾನ್ಯ ಕಾರಿನದ್ದೇ ಆಗಿರಬೇಕು. ಇಂಧನ ಬಂಕಿನಲ್ಲಿ ಸಿಗುವ ಪೆಟ್ರೋಲ್, ಮೆಥನಾಲಿಗೆ ಬಾಗಿಲು ಬಂದ್. ಎಲ್ಲಕ್ಕಿಂತ ಚೆಂದ ಅದರ ತೂಕದ ಲೆಕ್ಕ: 1000 ಸಿಸಿ ಎಂಜಿನ್ ಇದ್ದರೆ ಕಾರು 360 ಕಿಲೋ ತೂಗಿದರೆ ಸಾಕು, 1100 ಸಿಸಿ ಆದರೆ 400 ಕಿಲೋ ಇರಲೇಬೇಕು. ಶಕ್ತಿ ಬೇಕಾದವನು ಭಾರ ಹೊರಬೇಕು. ಇಟಲಿಯವನು ತನ್ನೂರಿನ ಫಿಯೆಟ್ 1100ರ ಎಂಜಿನ್ ಹಾಕಿದ, ಇಂಗ್ಲೆಂಡಿನವನು ಫೋರ್ಡ್ ಆಂಗ್ಲಿಯಾದ 997 ಸಿಸಿ ಎಂಜಿನ್ ಹಾಕಿದ. ಇಬ್ಬರಿಗೂ ಒಂದೇ ಸಾಲಿನಲ್ಲಿ ನಿಲ್ಲುವ ಹಕ್ಕು ಸಿಕ್ಕಿತು.

1960ರ ಮಾರ್ಚ್‌ನಲ್ಲಿ ಗುಡ್‌ವುಡ್‌ನಲ್ಲಿ ನಡೆದ ಜೂನಿಯರ್ ರೇಸಿನಲ್ಲಿ ಲೋಟಸ್ ಓಡಿಸಿ ಗೆದ್ದವರು ಜಿಮ್ ಕ್ಲಾರ್ಕ್. ಎರಡನೆಯವರಾಗಿ ಬಂದವರು ಜಾನ್ ಸರ್ಟೀಸ್, ಮೋಟಾರ್ ಸೈಕಲ್ ವಿಶ್ವ ಚಾಂಪಿಯನ್ ಆಗಿದ್ದ ಅವರಿಗೆ ಅದು ಮೊದಲ ಕಾರ್ ರೇಸ್. ಇಬ್ಬರೂ ಮುಂದೆ ಫಾರ್ಮುಲಾ ಒನ್ ಚಾಂಪಿಯನ್ನರಾದರು.

ಸರ್ಟೀಸ್ ಅವರಿಗೆ ಅಂದು ಕಾರು ಕೊಟ್ಟವರು ಕೆನ್ ಟಿರೆಲ್. 500 ಸಿಸಿ ಕೂಪರ್ ಓಡಿಸಿಯೇ ರೇಸಿಂಗಿಗೆ ಬಂದ ಮನುಷ್ಯ. ಅವರ ತಂಡವೇ 1984ರಲ್ಲಿ ತೂಕ ಮತ್ತು ಇಂಧನ ಎಂಬ ಈ ಎರಡು ನಿಯಮಗಳ ಸುಳಿಗೆ ಸಿಕ್ಕಿತು. ಆಗ ಫಾರ್ಮುಲಾ ಒನ್ ಕನಿಷ್ಠ ತೂಕ 540 ಕಿಲೋ. ಟಿರೆಲ್ ಕಾರುಗಳು ರೇಸಿನ ಕೊನೆಯ ಹಂತದಲ್ಲಿ ಪಿಟ್‌ಗೆ ಬಂದು ನೀರು ತುಂಬಿಸಿಕೊಳ್ಳುತ್ತಿದ್ದವು. ಡೆಟ್ರಾಯಿಟ್ ರೇಸಿನ ನಂತರದ ತಪಾಸಣೆಯಲ್ಲಿ ಆ ನೀರಿನಲ್ಲಿ ಸೀಸದ ಗುಂಡುಗಳೂ ಹೈಡ್ರೋಕಾರ್ಬನ್ ಅಂಶವೂ ಕಂಡವು. ಒಂದು ತೂಕದ ತಕರಾರು, ಇನ್ನೊಂದು ಇಂಧನದ್ದು. ತಂಡ ಒಪ್ಪಿಕೊಳ್ಳಲಿಲ್ಲ, ಆದರೂ ಆ ವರ್ಷದ ಚಾಂಪಿಯನ್‌ಶಿಪ್ಪಿನಿಂದಲೇ ಅದನ್ನು ಹೊರಹಾಕಿದರು.

ಮೆಥನಾಲಿಗೆ ಒಂದು ಕರಾಳ ಮುಖವೂ ಇದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. 1964ರ ಇಂಡಿಯಾನಪೊಲಿಸ್ ರೇಸಿನಲ್ಲಿ ಪೆಟ್ರೋಲ್ ಬೆಂಕಿ ಇಬ್ಬರು ಚಾಲಕರನ್ನು ಬಲಿ ತೆಗೆದುಕೊಂಡ ಮೇಲೆ ಅಮೆರಿಕದ ಈ ರೇಸು ಮೆಥನಾಲಿನತ್ತ ಹೊರಳಿತು, ನೀರಿನಿಂದಲೇ ಆರಿಸಬಹುದೆಂಬ ಭರವಸೆಯಿಂದ. ಅದೇ ಟ್ರ್ಯಾಕಿನಲ್ಲಿ 1981ರಲ್ಲಿ ರಿಕ್ ಮಿಯರ್ಸ್ ಕಾರಿಗೆ ಇಂಧನ ತುಂಬುವಾಗ ಬೆಂಕಿ ಹೊತ್ತಿಕೊಂಡಿತು. ಉರಿಯುತ್ತಿರುವವರು ಒದ್ದಾಡುವುದು ಕಂಡಿತೇ ಹೊರತು ಬೆಂಕಿ ಕಾಣಲಿಲ್ಲ. ಮಿಯರ್ಸ್ ಬದುಕುಳಿದರು.

ಲುರಾನಿಯವರ ಯೋಚನೆಗೆ ಹತ್ತಿರದ ಭಾರತೀಯ ಉದಾಹರಣೆ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. ಊರೂರಿನ ಮೆಕ್ಯಾನಿಕ್ ರಿಪೇರಿ ಮಾಡಬಲ್ಲ ಮಾರುತಿ 800ರ 796 ಸಿಸಿ ಎಂಜಿನ್ನನ್ನು ಒಂಟಿ ಸೀಟಿನ ಕಾರಿಗೆ ಕೂರಿಸಿ ಅವರು ಫಾರ್ಮುಲಾ ಮಾರುತಿ ಕಟ್ಟಿದರು. ಎಲ್ಲರಿಗೂ ಒಂದೇ ಎಂಜಿನ್. ಗೆಲುವು ಚಾಲಕನ ಕೈಯಲ್ಲಿ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಮೊದಲು ಪಳಗಿದ್ದು ಈ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನಲ್ಲಿದೆ.

ರೇಸ್ ನೋಡಲು ಕೊಯಮತ್ತೂರಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೋ ಹೋಗುವವರು ಬಾವುಟ ಬಿದ್ದ ಕೂಡಲೇ ಎದ್ದು ಹೊರಡಬೇಡಿ. ಗೆದ್ದ ಕಾರನ್ನು ತೂಗಿ, ತಪಾಸಣೆ ಮುಗಿಸಿ, ಅಧಿಕಾರಿಗಳು ಸಹಿ ಹಾಕುವವರೆಗೆ ಆ ಫಲಿತಾಂಶ ತಾತ್ಕಾಲಿಕ.