ತೋರಿಸಿಕೊಟ್ಟರೆ ಹುಡುಕಾಟ ನಿಲ್ಲುವುದೇಕೆ?

ಮಗುವಿನ ಕೈಗೆ ಹೊಸ ಆಟಿಕೆ ಕೊಟ್ಟ ಕೂಡಲೇ ‘ಹೀಗಲ್ಲ ಪುಟ್ಟಾ, ಹೀಗೆ’ ಎಂದು ತೋರಿಸಿಕೊಡುವುದು ನಮಗೆಲ್ಲ ರೂಢಿ. ಹಾಗೆ ತೋರಿಸಿದಾಗ ಮಗುವಿನ ತಲೆಯಲ್ಲಿ ಏನು ನಡೆಯುತ್ತದೆ? 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಹುಡುಕಿತು.

ಅಮೆರಿಕದ ಎಲಿಜಬೆತ್ ಬೊನಾವಿಟ್ಸ್, ಲಾರಾ ಶುಲ್ಜ್ ಮತ್ತು ಸಂಗಡಿಗರು ಕೊಳವೆಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿದರು. ಒಂದು ಕೊಳವೆ ಎಳೆದರೆ ಕೀಚ್ ಎನ್ನುತ್ತದೆ. ಇನ್ನೊಂದು ಕಡೆ ದೀಪ, ಮತ್ತೊಂದು ಕಡೆ ಸಂಗೀತ, ಒಂದು ಕೊಳವೆಯೊಳಗೆ ಅಡಗಿದ ಕನ್ನಡಿ. ಕೆಲವು ಮಕ್ಕಳಿಗೆ ‘ಇದು ಹೇಗೆಂದು ತೋರಿಸುತ್ತೇನೆ’ ಎಂದು ಕೀಚ್ ಸದ್ದನ್ನಷ್ಟೇ ತೋರಿಸಲಾಯಿತು. ಕೆಲವರ ಮುಂದೆ ಅದೇ ಸದ್ದನ್ನು ಆಕಸ್ಮಿಕವಾಗಿ ಬಂದಂತೆ ಹೊರಡಿಸಲಾಯಿತು. ಇನ್ನು ಕೆಲವರಿಗೆ ಕೀಚ್ ತೋರಿಸಿದ ತಕ್ಷಣ, ಬೇರೇನೋ ಕೆಲಸವಿದೆಯೆಂದು ಪಾಠವನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಹೋದರು.

ಪೂರ್ತಿ ಪಾಠ ಹೇಳಿಸಿಕೊಂಡ ಮಕ್ಕಳು ಆಡಿದ ಹೊತ್ತೂ ಕಡಿಮೆ, ತಾವಾಗಿ ಕಂಡುಕೊಂಡದ್ದೂ ಕಡಿಮೆ. ಅರ್ಧ ಪಾಠದ ಮಕ್ಕಳು ಅವರಿಗಿಂತ ಹೆಚ್ಚು ತಡಕಾಡಿದರು.

ಇದು ಸೋಮಾರಿತನವಲ್ಲ, ಅಪ್ಪಟ ತರ್ಕ. ಬಲ್ಲವರು ಕಲಿಸಲೆಂದೇ ಕೂತು ಒಂದನ್ನಷ್ಟೇ ತೋರಿಸಿದರು. ಇನ್ನೊಂದು ಇದ್ದಿದ್ದರೆ ಅದನ್ನೂ ತೋರಿಸುತ್ತಿರಲಿಲ್ಲವೇ? ಅರ್ಧಕ್ಕೆ ನಿಂತ ಪಾಠದಿಂದ ಆ ತೀರ್ಮಾನಕ್ಕೆ ಬರಲಾಗದು. ನಾಲ್ಕೈದು ವರ್ಷದ ಮಕ್ಕಳು ವಸ್ತುವನ್ನು ಮಾತ್ರವಲ್ಲ, ಕಲಿಸುವವರ ಮನಸ್ಸನ್ನೂ ಹೀಗೆ ಓದುತ್ತಾರೆ ಎಂಬುದು ನನಗೆ ಇಂದಿಗೂ ಬೆರಗು.

ಹಾಗೆಂದು, ಮಗುವಿನ ಆಸಕ್ತಿಯ ಜಾಡು ಹಿಡಿಯುವ ಶಿಕ್ಷಣದಲ್ಲಿ ದೊಡ್ಡವರು ಕೈಕಟ್ಟಿ ಕೂರುವುದಿಲ್ಲ. 1907ರಲ್ಲಿ ರೋಮಿನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ಪಾಠವನ್ನು ವಸ್ತುವಿನೊಳಗೇ ಇಟ್ಟರು. ಮರದ ದಿಮ್ಮಿಯಲ್ಲಿ ಬೇರೆಬೇರೆ ಅಳತೆಯ ಕುಳಿಗಳು, ಅವಕ್ಕೆ ತಕ್ಕ ಗೂಟಗಳು. ಎಲ್ಲೋ ತಪ್ಪಿದರೆ ಕೊನೆಗೆ ಒಂದು ಗೂಟ ಕೂರುವುದೇ ಇಲ್ಲ. ತಪ್ಪನ್ನು ಯಾರೂ ಎತ್ತಿ ಹೇಳಬೇಕಿಲ್ಲ. ಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಈ ಕೆಲಸವನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಮಕ್ಕಳು ಹಾಡಿದರೂ, ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ನಿಲ್ಲಿಸಲಿಲ್ಲ ಎಂದು ಮಾಂಟೆಸ್ಸೊರಿ ಬರೆದಿಟ್ಟಿದ್ದಾರೆ.

ಎಲ್ಲವನ್ನೂ ಹೀಗೆ ಬಿಡಲಾಗದು. ‘ಕ’ ಅಕ್ಷರವನ್ನು ಎಷ್ಟು ತಿರುಗಿಸಿ ನೋಡಿದರೂ ಅದರ ಉಚ್ಚಾರ ತಾನಾಗಿ ಹೊರಬರುವುದಿಲ್ಲ. ರಸ್ತೆ ದಾಟುವುದನ್ನು ಮಗು ಪ್ರಯೋಗ ಮಾಡಿ ಕಲಿಯಬಾರದು. ಇಲ್ಲಿ ಕೈಹಿಡಿದು ತೋರಿಸಲೇಬೇಕು. ಮರಳು, ನೀರು, ಬೀಜ, ಡಬ್ಬಿ-ಮುಚ್ಚಳಗಳ ಮುಂದೆ ಕೂತ ಮಗುವಿಗೆ ಮಾತ್ರ ನಮ್ಮ ವಿವರಣೆ ತುಸು ತಡವಾಗಿ ಬರಲಿ.